ಇಲಿ ಬಿದ್ದ ಮನೆ, ಊರ ಹೊರಗಿನ ಗಾಯರಾಣ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ಮೊದಲು ಒಲ್ಲೆ ಎಂದೆ. ಗುರುಗಳನ್ನು ನೆನೆಯುವವರು, ಗ್ಯಾದರಿಂಗಿನ ನಾಟಕ ನೆನೆಯುವವರು, ಕಬಡ್ಡಿ ಗೆದ್ದದ್ದನ್ನು ನೆನೆಯುವವರು ನನಗಿಂತ ಚೆನ್ನಾಗಿ ಬರೆಯಬಲ್ಲರು. ನಾನು ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪಹಣಿ, ಪಂಚನಾಮೆ ಬರೆದವನು. ನನ್ನ ಕನ್ನಡದಲ್ಲಿ ಇನ್ನೂ 'ಸದರಿ', 'ಮೇಲ್ಕಾಣಿಸಿದ' ಎಂಬ ಶಬ್ದಗಳೇ ಮೊದಲು ಬರುತ್ತವೆ. ಆದರೂ ಒಂದು ವಿಷಯ ಬಹಳ ವರ್ಷಗಳಿಂದ ಮನಸ್ಸಿನಲ್ಲಿ ಕುಳಿತಿದೆ. ಅದು ಶುರುವಾದದ್ದು ಇದೇ ಶಾಲೆಯ ಒಂದು ಕೋಣೆಯಲ್ಲಿ. ಹಾಗಾಗಿ ಇಲ್ಲಿಯೇ ಬರೆಯುತ್ತಿದ್ದೇನೆ.

ನಾನು ಎಂಟನೇ ಇಯತ್ತೆಯಲ್ಲಿದ್ದಾಗ ನಕಾಶೆಗಳನ್ನು ಇಡುತ್ತಿದ್ದ ಕಪಾಟಿನ ಹಿಂದೆ ಕೆಟ್ಟ ನಾತ ಬರತೊಡಗಿತು. ಮಾಸ್ತರರು ಇಬ್ಬರು ಹುಡುಗರಿಗೆ ಕಪಾಟು ಸರಿಸಲು ಹೇಳಿದರು. ಆ ಇಬ್ಬರಲ್ಲಿ ನಾನೂ ಒಬ್ಬ. ಸತ್ತ ಇಲಿಯೊಂದು ಅಲ್ಲಿ ಬಿದ್ದಿತ್ತು. ಬಾಲ ಹಿಡಿದೆತ್ತಿ ಹೊರಗೆ ಎಸೆದೆ. ಹುಡುಗಿಯರು ಚೀರಿದರು, ನಾವು ನಕ್ಕೆವು, ಪಾಠ ಮುಂದುವರಿಯಿತು. ಸಂಜೆ ಮನೆಯಲ್ಲಿ ಇದನ್ನು ದೊಡ್ಡಸ್ತಿಕೆಯಿಂದ ಹೇಳಿದಾಗ ನಮ್ಮ ಆಯಿಯ ಮುಖ ಬದಲಾಯಿತು. "ಏ ತಮ್ಮಾ, ಕೈಲೆ ಮುಟ್ಟಿಯೇನು? ಒಂದಾ ಬಿದ್ದಿತ್ತೇನು, ಇನ್ನಾ ಬಿದ್ದಾವೇನು?" ಎಂದು ಕೇಳಿದಳು. ನನಗೆ ಅಂಗಳದಲ್ಲೇ ಬಿಸಿನೀರು ಸುರಿದಳು. ಅಂಗಿ ಚಡ್ಡಿ ಕುದಿಸಿದಳು. ಆ ರಾತ್ರಿ ಮನೆಮಂದಿಯನ್ನೆಲ್ಲ ಒಳಗೆ ಮಲಗಲು ಬಿಡಲಿಲ್ಲ. ಎಂಟು ದಿನ ನಾವು ಅಂಗಳದಲ್ಲೇ ಮಲಗಿದೆವು. ಅಪ್ಪ ಬೈದುಕೊಂಡ, ನೆರೆಯವರು ನಕ್ಕರು. ಆಯಿ ಜಗ್ಗಲಿಲ್ಲ.

ಅವಳು ಏಳೆಂಟು ವರ್ಷದವಳಿದ್ದಾಗ ಅವರ ಊರಿಗೆ 'ಗಂಟಿನ ಬ್ಯಾನಿ' ಬಂದಿತ್ತು. ಇಂಗ್ಲಿಷಿನ ಪ್ಲೇಗ್ ಶಬ್ದ ಅವಳ ಬಾಯಲ್ಲಿ 'ಪಿಲೇಗ' ಆಗಿತ್ತು. ತೊಡೆಸಂದಿನಲ್ಲೋ ಕಂಕುಳಲ್ಲೋ ಗಂಟು ಏಳುವುದು, ಕೆಂಡದಂತಹ ಜ್ವರ, ಮೂರು ನಾಲ್ಕು ದಿನದಲ್ಲಿ ಮುಗಿಯುವುದು. ಅದಕ್ಕೆ ಮೊದಲು ಮನೆಯೊಳಗೆ ಇಲಿ ಬೀಳುತ್ತಿದ್ದವು. 'ಇಲಿ ಬಿತ್ತು' ಎಂಬ ಎರಡು ಶಬ್ದ ಸಾಕಿತ್ತಂತೆ, ಊರು ಖಾಲಿಯಾಗುತ್ತಿತ್ತು.

ಇನ್ನು ಇತಿಹಾಸಕ್ಕೆ ಬರುತ್ತೇನೆ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾಕ್ಟರ್ ಅಕಾಸಿಯೊ ವಿಯೇಗಸ್ ಎಂಬ ಗೋವಾ ಮೂಲದ ವೈದ್ಯರು ಈ ರೋಗವನ್ನು ಗುರುತಿಸಿದರು. ಮಾಂಡವಿ ಬಂದರಿನ ಬದಿಯ ಜಾಗ, ಧಾನ್ಯದ ಗೋದಾಮುಗಳಿದ್ದ ಜಾಗ. ಧಾನ್ಯ ಇದ್ದಲ್ಲಿ ಇಲಿ. ಕೆಲವೇ ತಿಂಗಳಲ್ಲಿ ಲಕ್ಷಗಟ್ಟಲೆ ಜನ ಮುಂಬಯಿ ಬಿಟ್ಟು ತಮ್ಮ ತಮ್ಮ ಊರಿಗೆ ಓಡಿದರು. ನಮ್ಮ ಭಾಗದವರಿಗೆ ಮುಂಬಯಿ ದೂರವಲ್ಲ. 1871ರಲ್ಲೇ ಸೋಲಾಪುರ, ಕಲಬುರಗಿ, ವಾಡಿ ಮೇಲೆ ರಾಯಚೂರಿನವರೆಗೆ ರೈಲು ಹಳಿ ಮುಗಿದಿತ್ತು. ಅದೇ ಹಳಿಯ ಮೇಲೆ ನಮ್ಮ ತೊಗರಿ, ಹತ್ತಿ ಹೋದವು. ಅದೇ ಹಳಿಯ ಮೇಲೆ ಗಂಟು-ಮೂಟೆಯೊಳಗೆ ಅಡಗಿ ರೋಗವೂ ಬಂತು.

ಬ್ರಿಟಿಷ್ ಸರ್ಕಾರ 1897ರ ಫೆಬ್ರವರಿ 4ರಂದು ಒಂದು ಕಾನೂನು ಮಾಡಿತು, ಸಾಂಕ್ರಾಮಿಕ ರೋಗಗಳ ಕಾಯ್ದೆ. ನಾಲ್ಕೇ ಕಲಮಿನ ಕಾಯ್ದೆ ಅದು. ಇಷ್ಟು ಸಣ್ಣ ಕಾಯ್ದೆ ಇಷ್ಟು ದೊಡ್ಡ ಅಧಿಕಾರ ಕೊಟ್ಟದ್ದನ್ನು ನನ್ನ ನೌಕರಿಯಲ್ಲಿ ಬೇರೆ ಕಡೆ ಕಂಡಿಲ್ಲ. ಸಾಮಾನ್ಯ ಕಾನೂನು ಸಾಲದೆಂದು ತೋರಿದರೆ ಸರ್ಕಾರ ಯಾವ ನಿಯಮವನ್ನಾದರೂ ಮಾಡಬಹುದು, ರೈಲಿನ ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸಬಹುದು, ಅನುಮಾನ ಬಂದವರನ್ನು ಬೇರೆ ಇಡಬಹುದು. ಆಜ್ಞೆ ಮೀರಿದವರಿಗೆ ದಂಡಸಂಹಿತೆಯ 188ನೇ ಕಲಮಿನ ಶಿಕ್ಷೆ. ಕಾಯ್ದೆಯ ಪ್ರಕಾರ ಸದ್ಭಾವನೆಯಿಂದ ಕೆಲಸ ಮಾಡಿದ ನೌಕರನ ಮೇಲೆ ದಾವೆ ಇಲ್ಲ. ಕೊನೆಯ ಈ ಕಲಮು ಓದಿದಾಗ ನಾನು ನೌಕರನಾಗಿ ಸಮಾಧಾನಪಟ್ಟೆ, ಮನುಷ್ಯನಾಗಿ ಹೆದರಿದೆ.

ಈ ಅಧಿಕಾರವನ್ನು ಪುಣೆಯಲ್ಲಿ ಹೇಗೆ ಬಳಸಿದರೆಂಬುದು ಶಾಲೆಯ ಪುಸ್ತಕದಲ್ಲೇ ಇದೆ. ಸೈನಿಕರು ಮನೆಯೊಳಗೆ ನುಗ್ಗಿದರು, ದೇವರ ಕೋಣೆಯನ್ನೂ ಅಡುಗೆಮನೆಯನ್ನೂ ಬಿಡಲಿಲ್ಲ, ಸಾಮಾನು ಸುಟ್ಟರು. 1897ರ ಜೂನ್ 22ರ ರಾತ್ರಿ ಚಾಪೇಕರ ಸಹೋದರರು ಪ್ಲೇಗ್ ಸಮಿತಿಯ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದರು. ನಮ್ಮ ಕರ್ನಾಟಕದಲ್ಲೂ ಕಿಡಿ ಹಾರಿತ್ತು. 1898ರಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ರೋಗ ಜೋರಾಯಿತು. ಅಲ್ಲಿಂದ ರೈಲಿನಲ್ಲೇ ಅದು ಆ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನ ಪೊಲೀಸರ ಮೇಲೆ ತಿರುಗಿಬಿದ್ದರು. ಮೈಸೂರು ಸಂಸ್ಥಾನದಲ್ಲಿ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆಗಿದ್ದರು. ಬೆಂಗಳೂರಿನ ಹಳೇ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಕರೆತರಲು ಬಸವನಗುಡಿ, ಮಲ್ಲೇಶ್ವರಗಳಿಗೆ ಆಗ ವೇಗ ಬಂತು. ಇಂದು ಕೋಟಿಗಟ್ಟಲೆ ಬೆಲೆಬಾಳುವ ಆ ಬಡಾವಣೆಗಳು ಬೆಳೆದದ್ದರ ಹಿಂದೆ ಇಲಿಯ ಭಯವೂ ಇತ್ತೆಂದರೆ ನಮ್ಮ ಹುಡುಗರು ನಂಬುವುದಿಲ್ಲ.

ಕಲಬುರಗಿ ಆಗ ನಿಜಾಮರ ಸೀಮೆ. ಮೀರ್ ಮೆಹಬೂಬ್ ಅಲಿ ಖಾನರ ಕಾಲ, 1911ರ ನಂತರ ಮೀರ್ ಉಸ್ಮಾನ್ ಅಲಿ ಖಾನರ ಕಾಲ. ಬ್ರಿಟಿಷರ ಕಾಯ್ದೆ ಇಲ್ಲಿ ನೇರವಾಗಿ ನಡೆಯುತ್ತಿರಲಿಲ್ಲ, ಹುಕುಂ ಉರ್ದುವಿನಲ್ಲಿ ಬರುತ್ತಿತ್ತು. ಜಿಲ್ಲೆಗೆ ಅವ್ವಲ್ ತಾಲ್ಲೂಕುದಾರ, ಕೆಳಗೆ ತಹಸೀಲ್ದಾರ, ಊರಿಗೆ ಮಾಲಿ ಪಟೇಲ, ಪೊಲೀಸ್ ಪಟೇಲ, ಪಟವಾರಿ. ಊರಿನಲ್ಲಿ ರೋಗ ಬಂದರೆ ಮೇಲಕ್ಕೆ ತಿಳಿಸಬೇಕಾದವನು ಪೊಲೀಸ್ ಪಟೇಲ. ಕುದುರೆಯ ಮೇಲೋ ಕಾಲ್ನಡಿಗೆಯಲ್ಲೋ ವರದಿ ಹೋಗಿ, ಹುಕುಂ ತಿರುಗಿ ಬರುವುದರೊಳಗೆ ಹಳ್ಳಿಯಲ್ಲಿ ಆಗಬೇಕಾದದ್ದೆಲ್ಲ ಆಗಿಹೋಗಿರುತ್ತಿತ್ತು. ಹೈದರಾಬಾದ್ ನಗರದ ಕಥೆ ಬೇರೆ. 1908ರ ಮೂಸಿ ನದಿಯ ಪ್ರವಾಹ, 1911ರ ಪ್ಲೇಗ್ ಇವೆರಡರ ಪೆಟ್ಟು ತಿಂದ ಮೇಲೆ 1912ರಲ್ಲಿ ಅಲ್ಲಿ ನಗರ ಸುಧಾರಣಾ ಮಂಡಳಿ ಬಂತು, ಗಲ್ಲಿಗಳನ್ನು ಅಗಲ ಮಾಡಿದರು. ಹಳ್ಳಿಗೆ ಅಂಥ ಮಂಡಳಿ ಎಲ್ಲಿಯದು?

ಈಗ ಇಲಿಯ ವಿಚಾರ. ಮೊದಲ ಹತ್ತು ವರ್ಷ ಸರ್ಕಾರಕ್ಕೇ ಇಲಿಯ ಪಾತ್ರ ಸರಿಯಾಗಿ ತಿಳಿದಿರಲಿಲ್ಲ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ರೋಗಾಣುವನ್ನು ಕಂಡುಹಿಡಿದಿದ್ದ. ಆದರೆ ಅದು ಇಲಿಯಿಂದ ಮನುಷ್ಯನಿಗೆ ದಾಟುವುದು ಹೇಗೆ? ನೆಲದಿಂದ ಬರುತ್ತದೆ ಎಂದರು ಕೆಲವರು, ಗಾಳಿಯಿಂದ ಎಂದರು ಕೆಲವರು, ಹೊಲಸಿನಿಂದ ಎಂದರು ಹಲವರು. ಮುಂಬಯಿಯಲ್ಲಿ ಚರಂಡಿಗಳಿಗೆ ಕಾರ್ಬಾಲಿಕ್ ಔಷಧಿ ಮತ್ತು ಸಮುದ್ರದ ನೀರು ನುಗ್ಗಿಸಿದರು. ಚರಂಡಿಯಲ್ಲಿದ್ದ ಇಲಿಗಳು ಮನೆಗಳಿಗೆ ಓಡಿದವು! 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಸಣ್ಣ ಪ್ರಯೋಗ ಮಾಡಿ, ಇಲಿಯ ಮೈಮೇಲಿನ ಚಿಗಟವೇ ರೋಗ ಸಾಗಿಸುತ್ತದೆ ಎಂದು ತೋರಿಸಿದ. ದೊಡ್ಡವರು ನಂಬಲಿಲ್ಲ. ಆಗಿನ ಪ್ಲೇಗ್ ಆಯೋಗವೂ ಅದಕ್ಕೆ ಬೆಲೆ ಕೊಡಲಿಲ್ಲ. 1905ರಲ್ಲಿ ಹೊಸ ಸಂಶೋಧನಾ ತಂಡ ಮುಂಬಯಿಯಲ್ಲಿ ಕುಳಿತು ಬಹಳ ಪ್ರಯೋಗ ಮಾಡಿದ ಮೇಲೆಯೇ ಚಿಗಟದ ಮಾತು ಗಟ್ಟಿಯಾಯಿತು. ಇಲಿ ಸಾಯುತ್ತದೆ, ಅದರ ಮೈ ತಣ್ಣಗಾಗುತ್ತದೆ, ಹಸಿದ ಚಿಗಟ ಬೇರೆ ಬಿಸಿ ಮೈ ಹುಡುಕುತ್ತದೆ, ಅಲ್ಲಿ ಮನುಷ್ಯ ಮಲಗಿರುತ್ತಾನೆ. ಆ ಚಿಗಟ ನೆಲದಿಂದ ಸುಮಾರು ನಾಲ್ಕು ಇಂಚು ಮಾತ್ರ ಜಿಗಿಯಬಲ್ಲದು ಎಂದೂ ಅವರು ಅಳೆದರು. ನೆಲದ ಮೇಲೆ ಕೌದಿ ಹಾಸಿ ಮಲಗುವ ಬಡವರಿಗೇ ರೋಗ ಏಕೆ ಹೆಚ್ಚು ಎಂಬುದಕ್ಕೆ ಈ ನಾಲ್ಕು ಇಂಚು ಒಂದು ಉತ್ತರ.

ಅದಾದ ಮೇಲೆ ನಿಯಮಗಳ ಗುರಿ ಬದಲಾಯಿತು. ಸತ್ತ ಇಲಿ ಕಂಡರೆ ತಿಳಿಸಬೇಕು, ಕೈಯಿಂದ ಮುಟ್ಟಬಾರದು, ಚಿಮಣಿ ಎಣ್ಣೆ ಸುರಿದು ಸುಡಬೇಕು. ಮನೆಗೆ ಬಿಸಿಲು ಬೆಳಕು ಬರುವಂತೆ ಮಾಡಬೇಕು, ಬಿಲ ಮುಚ್ಚಬೇಕು, ಧಾನ್ಯವನ್ನು ವಾಸದ ಕೋಣೆಯಲ್ಲಿ ಇಡಬಾರದು. ನಗರಗಳಲ್ಲಿ ಬೋನುಗಳನ್ನು ಹಂಚಿದರು, ತಂದುಕೊಟ್ಟ ಇಲಿಗೆ ಕಾಸು ಕೊಟ್ಟದ್ದೂ ಉಂಟು. ಈ ಕಾಸಿನ ವಿಚಾರದಲ್ಲಿ ಫ್ರೆಂಚರ ಹನೋಯ್ ನಗರದ ಕಥೆ ಹೇಳಲೇಬೇಕು. 1902ರಲ್ಲಿ ಅಲ್ಲಿ ಇಲಿಯ ಬಾಲ ತಂದವರಿಗೆ ಹಣ ಎಂದು ಸಾರಿದರು. ಬಾಲಗಳು ರಾಶಿ ಬಿದ್ದವು. ನೋಡಿದರೆ ಊರಲ್ಲಿ ಬಾಲವಿಲ್ಲದ ಇಲಿಗಳು ಓಡಾಡುತ್ತಿದ್ದವು! ಬಾಲ ಕತ್ತರಿಸಿ ಮರಿ ಹಾಕಲು ಬಿಟ್ಟಿದ್ದರು, ಕೆಲವರು ಇಲಿ ಸಾಕಲು ಶುರುಮಾಡಿದ್ದರು. ಸರ್ಕಾರಿ ಯೋಜನೆಗಳ ಅನುಭವ ಇರುವ ಯಾರಿಗೂ ಇದು ಹೊಸದಲ್ಲ.

ನಮ್ಮ ಕಡೆಯ ಮನೆಗಳಿಗೆ ಈ ನಿಯಮಗಳು ಎಷ್ಟು ಹೊಂದುತ್ತಿದ್ದವು? ಧಾರವಾಡದ ಕಡೆ ಹೆಂಚು ತೆಗೆದು ಬಿಸಿಲು ಬಿಡಬಹುದಿತ್ತು. ನಮ್ಮದು ಕಲ್ಲಿನ ಗೋಡೆ, ಮಣ್ಣು ಮುಚ್ಚಿದ ಮಾಳಿಗೆ, ಮೇಲೊಂದು ಅಂಗೈಯಗಲ ಬೆಳಕಿಂಡಿ. ಗೋಡೆಯ ಸಂದುಗಳೆಲ್ಲ ಇಲಿಯ ಅರಮನೆ. ಜೋಳ ಎಲ್ಲಿಡಬೇಕು? ಹಗೇವಿನಲ್ಲಿ. ಮನೆಯೊಳಗೋ ಅಂಗಳದಲ್ಲೋ ನೆಲ ಅಗೆದು ಮಾಡಿದ ಆ ಕಣಜ ಬರಗಾಲದಲ್ಲಿ ನಮ್ಮವರನ್ನು ಬದುಕಿಸಿದ್ದು. ವಾಸದ ಮನೆಯಿಂದ ಧಾನ್ಯ ದೂರ ಇಡಿ ಎಂದರೆ ನಮ್ಮ ರೈತನಿಗೆ ಜೀವ ದೂರ ಇಡು ಎಂದಂತೆಯೇ. ದನಗಳೂ ಅದೇ ಸೂರಿನ ಕೆಳಗೆ.

ಆದರೆ ಒಂದು ಉಪಾಯ ಸರ್ಕಾರ ಹೇಳುವ ಮೊದಲೇ ನಮ್ಮ ಜನಕ್ಕೆ ಗೊತ್ತಿತ್ತು. ಊರು ಬಿಡುವುದು. ಇಲಿಯ ಜೊತೆ ಒಂದೇ ಸೂರಿನಡಿ ಇರದಿದ್ದರೆ ಚಿಗಟವೂ ಇಲ್ಲ. ಅಧಿಕಾರಿಗಳೂ ಕೊನೆಗೆ ಒಪ್ಪಿಕೊಂಡದ್ದು ಇದನ್ನೇ. ಒತ್ತಾಯದಿಂದ ಮಾಡಿದ ತಪಾಸಣೆ, ಸುಡುವಿಕೆಗಳೆಲ್ಲ ಗಲಭೆ ತಂದವೇ ಹೊರತು ರೋಗ ನಿಲ್ಲಿಸಲಿಲ್ಲ. ಊರು ಬಿಟ್ಟು ಬಯಲಿಗೆ ಹೋದದ್ದು ಮತ್ತು ಹಾಫ್ಕಿನ್ ಕಂಡುಹಿಡಿದ ಲಸಿಕೆ ಇವೆರಡೇ ನಿಜವಾಗಿ ಕೆಲಸಕ್ಕೆ ಬಂದವು. 1897ರ ಜನವರಿಯಲ್ಲಿ ಆತ ಮೊದಲು ತನ್ನ ಮೈಗೇ ಲಸಿಕೆ ಚುಚ್ಚಿಕೊಂಡಿದ್ದ. ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಲಸಿಕೆ ತೆಗೆದುಕೊಂಡರು. ಆದರೆ 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬಲ್ಲಿ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪು ಹಾಫ್ಕಿನ್‌ನದಲ್ಲ ಎಂದು ಸಾಬೀತಾಗಲು ವರ್ಷಗಳೇ ಹಿಡಿದವು. ಸೂಜಿಗೆ ಹೆದರಿದ ಹಳ್ಳಿಗರನ್ನು ಬರೀ ಮೂಢರೆಂದು ಕರೆಯುವವರು ಈ ಸಂಗತಿಯನ್ನೂ ನೆನಪಿಡಬೇಕು.

ಊರು ಬಿಟ್ಟು ಹೋಗುವುದು ಎಲ್ಲಿಗೆ? ನನ್ನ ಇಲಾಖೆಯ ವಿಷಯ ಶುರುವಾಗುವುದು ಇಲ್ಲಿ. ಹೊಲ ಇದ್ದವನು ತನ್ನ ಹೊಲದಲ್ಲಿ ಗುಡಿಸಲು ಹಾಕಿದ. ಹೊಲ ಇಲ್ಲದವನು? ಅವನಿಗೆ ಉಳಿದದ್ದು ಗಾಯರಾಣ.

ಹಳೇ ಊರಿನ ನಕಾಶೆ ಬಿಚ್ಚಿದರೆ ನಡುವೆ ಗಾಂವಠಾಣ, ಅಂದರೆ ಮನೆಗಳಿರುವ ಜಾಗ. ಸುತ್ತ ಸರ್ವೆ ನಂಬರುಗಳು. ಅಲ್ಲಲ್ಲಿ ಪಟ್ಟಾ ಇಲ್ಲದ ತುಂಡುಗಳು. ದನ ಮೇಯಲು ಬಿಟ್ಟದ್ದು ಗಾಯರಾಣ, ಹಳ್ಳ, ದಾರಿ, ಸ್ಮಶಾನದಂಥವು ಪರಂಪೋಕ, ಯಾರ ಖಾತೆಗೂ ಸೇರದೆ ಸರ್ಕಾರದ ಕೈಯಲ್ಲಿ ಉಳಿದದ್ದು ಖಾರಿಜ ಖಾತಾ. ಮುಂಬಯಿ ಪ್ರಾಂತದ 1879ರ ಕಂದಾಯ ಸಂಹಿತೆಯ 38ನೇ ಕಲಮಿನಲ್ಲಿ, ಉಚಿತ ಹುಲ್ಲುಗಾವಲಿಗೆ, ಅರಣ್ಯಕ್ಕೆ ಅಥವಾ ಬೇರೆ ಯಾವುದೇ ಸಾರ್ವಜನಿಕ ಉದ್ದೇಶಕ್ಕೆ ಜಮೀನು ಕಾದಿಡಬಹುದು ಎಂದಿದೆ. ಹೈದರಾಬಾದ್ ಸಂಸ್ಥಾನದ ಸರ್ವೆಯೂ ಮುಂಬಯಿ ಪದ್ಧತಿಯದೇ. ನಿಜಾಮರ ಭೂಕಂದಾಯ ಕಾಯ್ದೆ ಬಂದದ್ದು ಫಸಲಿ 1317ರಲ್ಲಿ. ಫಸಲಿಗೆ 590 ಕೂಡಿಸಿದರೆ ಇಸವಿ, ಅಂದರೆ 1907ರ ಸುಮಾರು. ನೋಡಿ, ಪ್ಲೇಗ್ ಅತ್ಯಂತ ಜೋರಾಗಿದ್ದ ವರ್ಷವೂ ಅದೇ. 1907ರ ಒಂದೇ ವರ್ಷದಲ್ಲಿ ಭಾರತದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಒಟ್ಟು ಲೆಕ್ಕ ಒಂದು ಕೋಟಿ ದಾಟುತ್ತದೆ.

ಕಾದಿಟ್ಟ ಜಮೀನಿನ ನಿಯಮ ಬರೆದವರ ತಲೆಯಲ್ಲಿ ದನಗಳಿದ್ದವು, ಇಲಿ ಇರಲಿಲ್ಲ. ಇಲಿಯ ನಿಯಮ ಬರೆದವರ ತಲೆಯಲ್ಲಿ ಮುಂಬಯಿಯ ಚಾಳುಗಳಿದ್ದವು, ಗಾಯರಾಣ ಇರಲಿಲ್ಲ. ಇವೆರಡನ್ನೂ ಒಂದು ಮಾಡಿದವರು ಜೀವ ಉಳಿಸಿಕೊಳ್ಳಲು ಹೊರಟ ನಮ್ಮ ಮುತ್ಯಾಂದಿರು.

ಆಯಿ ಹೇಳುತ್ತಿದ್ದ ಆ ಬಯಲಿನ ಬದುಕು ನನಗೆ ಕಣ್ಣಿಗೆ ಕಟ್ಟಿದಂತಿದೆ. ಜೋಳದ ಕಣಿಕೆ, ಹುಲ್ಲು, ಜಾಲಿಯ ಗೂಟಗಳಿಂದ ಗುಡಿಸಲು. ಮೂರು ಕಲ್ಲಿನ ಒಲೆ. ರಾತ್ರಿ ನರಿಗಳ ಕೂಗು. ಹುಡುಗರಿಗೆ ಮೊದಲ ನಾಲ್ಕು ದಿನ ಜಾತ್ರೆಯಂತೆ ಅನಿಸಿತಂತೆ. ಬಯಲಿನಲ್ಲೂ ಕೇರಿ ಕೇರಿಯೇ ಆಗಿ ಕುಳಿತರು. ಮೇಲಿನವರ ಗುಡಿಸಲು ಬಾವಿಯ ಹತ್ತಿರ, ಕೆಳಗಿನವರದು ಹಳ್ಳದ ತಗ್ಗಿನಲ್ಲಿ. ರೋಗಕ್ಕೆ ಜಾತಿ ಗೊತ್ತಿಲ್ಲದಿದ್ದರೂ ಗುಡಿಸಲಿಗೆ ಗೊತ್ತಿತ್ತು. ಖಾಲಿ ಊರನ್ನು ಕಾಯಲು ತಳವಾರ ಒಬ್ಬನೇ. ಬೀಗ ಮುರಿಯುವ ಕಳ್ಳರೂ ಬರುತ್ತಿದ್ದರು. ಪ್ಲೇಗಿಗಿಂತ ಹೊಟ್ಟೆ ದೊಡ್ಡದಲ್ಲವೇ? ಮರಗಮ್ಮನಿಗೆ ಹರಕೆ ಹೊತ್ತರು. ಬೇಸಿಗೆ ಏರಿದಂತೆ ರೋಗ ಇಳಿಯಿತು. ನಮ್ಮ ಕಲಬುರಗಿಯ ಬಿಸಿಲಿನಲ್ಲಿ ಚಿಗಟವೂ ಬಾಳಲಾರದು ಎಂಬುದು ವಿಜ್ಞಾನ. ಅಮ್ಮ ಶಾಂತಳಾದಳು ಎಂಬುದು ಆಯಿಯ ಲೆಕ್ಕ.

ಇಷ್ಟನ್ನು ಆಯಿ ಎಷ್ಟು ಸಲ ಬೇಕಾದರೂ ಹೇಳುತ್ತಿದ್ದಳು. ಇನ್ನೊಂದು ಮಾತನ್ನು ಹೇಳಿದ್ದು ಒಂದೇ ಸಲ, ನನಗೆ ನೌಕರಿಯ ಆರ್ಡರು ಬಂದ ವರ್ಷ. ಅವರ ಮನೆಯಲ್ಲಿ ಮೊದಲ ಇಲಿ ಬಿದ್ದದ್ದನ್ನು ಅವಳ ಅಪ್ಪ ಯಾರಿಗೂ ತಿಳಿಸಲಿಲ್ಲ. ರಾಶಿಯ ಕಾಲ. ಹಗೇವಿಗೆ ಜೋಳ ತುಂಬುವುದು ಅರ್ಧ ಆಗಿತ್ತು. ಪಟೇಲನಿಗೆ ಗೊತ್ತಾದರೆ ಮನೆ ಬಿಡಿಸುತ್ತಾರೆ, ಸಾಮಾನು ಸುಡುತ್ತಾರೆ ಎಂಬ ಸುದ್ದಿ ಸೋಲಾಪುರದ ಕಡೆಯಿಂದ ಬಂದಿತ್ತು. ಅವಳ ಅಪ್ಪ ಆ ಇಲಿಯನ್ನು ತಿಪ್ಪೆಯಲ್ಲಿ ಹೂತು, ಹೆಂಡತಿ ಮಕ್ಕಳಿಗೆ ಬಾಯಿ ಬಿಡಬೇಡಿ ಎಂದ. ಎಂಟು ದಿನ ಕಳೆಯಿತು. ಮೊದಲು ತಮ್ಮ ಮಲಗಿದ, ಎರಡು ದಿನ ಬಿಟ್ಟು ಅವ್ವ. ಇಬ್ಬರೂ ಹೋದರು. ಪಕ್ಕದ ಮನೆಯಲ್ಲೂ ಒಬ್ಬರು ಹೋದರು. "ಜ್ವಾಳ ಉಳೀತು ತಮ್ಮಾ, ಉಣ್ಣೋರು ಉಳೀಲಿಲ್ಲ" ಎಂದಳು. ಆ ಜೋಳವನ್ನು ಅವಳ ಅಪ್ಪ ಮುಂದೆ ಮುಟ್ಟಲಿಲ್ಲವಂತೆ. ನಮ್ಮ ಮನೆಯಲ್ಲಿ ಇಂದಿಗೂ ಯಾವ ಮಗುವಿಗೂ ಆ ತಮ್ಮನ ಹೆಸರು ಇಟ್ಟಿಲ್ಲ.

ಅವನನ್ನು ತಪ್ಪಿತಸ್ಥ ಎನ್ನಲು ನನ್ನಿಂದ ಆಗುವುದಿಲ್ಲ. ತಿಳಿಸಿದರೆ ಶಿಕ್ಷೆ ಎಂಬಂತೆ ನಿಯಮ ಇದ್ದಲ್ಲಿ ಜನ ತಿಳಿಸುವುದಿಲ್ಲ. ಪುಣೆಯಲ್ಲಿ ಶವಗಳನ್ನು ಮನೆಯೊಳಗೇ ಬಚ್ಚಿಟ್ಟದ್ದೂ ಅದೇ ಭಯದಿಂದ. ಆದರೆ ನೆರೆಯವರ ಮನೆಯ ಸಾವನ್ನು ನೆನೆದಾಗ ಅವನನ್ನು ಪೂರ್ತಿ ಬಿಟ್ಟುಬಿಡಲೂ ಆಗುವುದಿಲ್ಲ.

ಸ್ವಾತಂತ್ರ್ಯದ ಸುಮಾರಿಗೆ ಡಿಡಿಟಿ ಬಂತು, ಸ್ಟ್ರೆಪ್ಟೊಮೈಸಿನ್ ಬಂತು, ಬಿಲಗಳಿಗೆ ಸೈನೈಡ್ ಪುಡಿ ಊದುವ ಪಂಪು ಬಂತು. ರೋಗ ಹಿಂದೆ ಸರಿಯಿತು. ನಮ್ಮ ರಾಜ್ಯದಲ್ಲಿ ಅದು ಕೊನೆಗೆ ಉಳಿದದ್ದು ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆ, 1966ರವರೆಗೆ. 1948ರಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ನಿಜಾಮರ ಆಳ್ವಿಕೆ ಮುಗಿದಿತ್ತು. 1950ರಲ್ಲಿ ಹೈದರಾಬಾದ್ ರಾಜ್ಯ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದರೂ ಆ ಕಾಯ್ದೆ ನಮ್ಮ ಭಾಗದಲ್ಲಿ ಹಾಗೆಯೇ ಉಳಿಯಿತು. ಪಟೇಲ-ಪಟವಾರಿ ಪದ್ಧತಿ ಹೋಗಿ ನನ್ನಂಥ ಗ್ರಾಮ ಲೆಕ್ಕಿಗರು ಬಂದರು.

ಗಾಯರಾಣದ ನಿಯಮವೂ ಉಳಿಯಿತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಕಲಮು ಆ ಹಳೇ 38ನೇ ಕಲಮಿನ ಮೊಮ್ಮಗನೇ. ನೂರು ದನಕ್ಕೆ 30 ಎಕರೆ ಹುಲ್ಲುಗಾವಲು ಇರಬೇಕೆಂಬ ಲೆಕ್ಕವೂ ನಿಯಮದಲ್ಲಿದೆ. ಆದರೆ ಪ್ಲೇಗಿನ ನೆನಪು ಯಾವ ಪಹಣಿಯ ಯಾವ ಕಾಲಮಿನಲ್ಲೂ ಇಲ್ಲ. ದನಗಳು ಕಡಿಮೆಯಾದವು, ಟ್ರ್ಯಾಕ್ಟರು ಬಂತು, ಗಾಯರಾಣ 'ಖಾಲಿ ಜಾಗ' ಆಯಿತು. ಸ್ವಲ್ಪ ಬಗರ್ ಹುಕುಂ ಸಾಗುವಳಿಗೆ ಹೋಯಿತು. ಭೂಮಿ ಇಲ್ಲದವನಿಗೆ ಹೋದದ್ದು ನ್ಯಾಯವೇ. ಆದರೆ ಬಹಳಷ್ಟು ಹೋದದ್ದು ಅವನಿಗಲ್ಲ ಎಂಬುದು ಇಲಾಖೆಯಲ್ಲಿದ್ದವರಿಗೆಲ್ಲ ಗೊತ್ತು. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಊರೊಟ್ಟಿನ ಜಾಗದ ಒತ್ತುವರಿ ತೆರವು ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಅಷ್ಟರಲ್ಲಿ ಬಹಳ ಕಡೆ ತಡವಾಗಿತ್ತು.

ಇಲ್ಲಿ ನನ್ನದೊಂದು ಕೆಲಸವನ್ನು ಬರೆಯಬೇಕು. ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಊರಿನ ಹೆಸರು ಬೇಡ. ನೌಕರಿ ಸೇರಿ ಹತ್ತು ಹನ್ನೆರಡು ವರ್ಷ ಆಗಿರಬಹುದು. ಒಂದು ಗಾಯರಾಣದ ತುಂಡನ್ನು ಬೇರೆ ಉದ್ದೇಶಕ್ಕೆ ಕೊಡಲು ಸ್ಥಳ ತನಿಖೆ ಮಾಡಿ ವರದಿ ಕೊಡು ಎಂದು ಕಾಗದ ಬಂತು. ಹೋಗಿ ನೋಡಿದೆ. ಜಾಲಿ ಗಿಡ, ಕಲ್ಲು. ಪಂಚರು ಸಹಿ ಮಾಡಲು ಕುಳಿತಿದ್ದರು. ಒಬ್ಬ ವಯಸ್ಸಾದ ಮುತ್ಯಾ ಕೋಲೂರಿಕೊಂಡು ಬಂದು, "ಸಾಹೇಬ್ರ, ಇದು ಪಿಲೇಗಿನ್ ಬೈಲ್ ಅದ. ನಮ್ಮವ್ರು ಇಲ್ಲೇ ಉಳದಾರ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆಯಿಯ ಮೊಮ್ಮಗನಾಗಿ ಆ ಮಾತಿನ ಅರ್ಥ ಆ ಗುಂಪಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. 'ಸದರಿ ಜಮೀನು ಯಾವುದೇ ಸಾರ್ವಜನಿಕ ಉಪಯೋಗದಲ್ಲಿ ಇರುವುದಿಲ್ಲ' ಎಂದು ಬರೆದು ಸಹಿ ಮಾಡಿದೆ. ಆ ದಿನದ ಮಟ್ಟಿಗೆ ಅದು ಸುಳ್ಳಲ್ಲ. ದನ ಮೇಯುತ್ತಿರಲಿಲ್ಲ, ಗುಡಿಸಲು ಇರಲಿಲ್ಲ. ಆದರೆ ಕಾದಿಟ್ಟದ್ದು ಎಂದರೆ ಇಂದು ಬಳಸದೆ ಇಟ್ಟದ್ದು ಎಂದೇ ಅಲ್ಲವೇ?

ಆಗಷ್ಟೇ ಕಿಲ್ಲಾರಿಯ ಭೂಕಂಪ ಆಗಿತ್ತು, 1993ರ ಸೆಪ್ಟೆಂಬರ್ 30. ಕಲಬುರಗಿಯಲ್ಲೂ ನೆಲ ನಡುಗಿ ಜನ ಹೊರಗೆ ಓಡಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಮರುವರ್ಷ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಗಂಟಿನ ಬೇನೆ ಕಾಣಿಸಿತು. ಭೂಕಂಪಕ್ಕೆ ಹೆದರಿ ಜನ ಬಿಟ್ಟುಬಂದ ಮನೆಗಳಲ್ಲಿ ಧಾನ್ಯ ಉಳಿದಿತ್ತು, ಇಲಿಗಳು ಬೆಳೆದವು ಎಂಬುದು ತಜ್ಞರು ಕೊಟ್ಟ ಒಂದು ಕಾರಣ. ಸೆಪ್ಟೆಂಬರಿನಲ್ಲಿ ಸೂರತ್‌ನಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ರೈಲು ಹತ್ತಿದರು. ಮತ್ತೆ ಅದೇ ರೈಲು, ಅದೇ ಗಂಟುಮೂಟೆ. ಆಯಿ ಆಗ ಇರಲಿಲ್ಲ.

ಕೊನೆಯದಾಗಿ 2020. ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ಕಲಬುರಗಿಯಲ್ಲೇ, ಮಾರ್ಚ್ 10ರಂದು. ಆಗ ಹೊರತೆಗೆದದ್ದು ಅದೇ 1897ರ ನಾಲ್ಕು ಕಲಮಿನ ಕಾಯ್ದೆ, ಅದೇ 188. ಅದೇ ವರ್ಷ ನಮ್ಮ ರಾಜ್ಯ ಹೊಸ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿತು. ಆಗಲೇ 1950ರ ಹೈದರಾಬಾದ್ ಕಾಯ್ದೆಯೂ ರದ್ದಾಯಿತು. ಮೇ ತಿಂಗಳಲ್ಲಿ ಮುಂಬಯಿ, ಪುಣೆಗೆ ದುಡಿಯಲು ಹೋದ ನಮ್ಮವರು ತಿರುಗಿ ಬಂದರು. ಶಾಲೆ, ಹಾಸ್ಟೆಲುಗಳೇ ಕ್ವಾರಂಟೈನ್ ಕೇಂದ್ರಗಳಾದವು. ಹೊಲ ಇದ್ದವರು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ನಿವೃತ್ತಿ ಹತ್ತಿರವಿದ್ದ ನನಗೆ ಬಂದ ಫೋನುಗಳಲ್ಲಿ ಒಂದು ನಾನು ಸಹಿ ಮಾಡಿದ್ದ ಆ ಊರಿನದು. ಗಂಡ ಹೆಂಡತಿ, ಎರಡು ಮಕ್ಕಳು. ಮನೆಯವರು ಒಳಗೆ ಕರೆಯಲು ಹೆದರಿದ್ದರು, ಶಾಲೆಯ ಕೋಣೆಗಳು ತುಂಬಿದ್ದವು. "ಎಲ್ಲಿ ಇಡಬೇಕ್ರಿ ಸರ್, ಊರಾಗ್ ಬೈಲೇ ಇಲ್ಲ" ಎಂದ ಅಲ್ಲಿನ ಹುಡುಗ. ಸ್ಮಶಾನದ ಬದಿಯ ಬೇವಿನ ಮರದ ಕೆಳಗೆ ತಾಡಪತ್ರಿ ಕಟ್ಟಿ ಅವರನ್ನು ಹದಿನಾಲ್ಕು ದಿನ ಇಡಬೇಕಾಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಮುತ್ಯಾನ ಮುಖ ಆ ಹದಿನಾಲ್ಕು ದಿನವೂ ನನ್ನ ಮುಂದಿತ್ತು.

ಮಧ್ಯ ಕರ್ನಾಟಕದ ಹಲವು ಹಳ್ಳಿಗಳಲ್ಲಿ 'ಹೊರಬೀಡು' ಎಂಬ ಆಚರಣೆ ಇದೆ. ಒಂದು ದಿನ ಇಡೀ ಊರು ಬೀಗ ಹಾಕಿ, ದನಕರು ಸಮೇತ ಹೊರಗೆ ಹೋಗಿ, ಅಲ್ಲೇ ಅಡುಗೆ ಮಾಡಿ ಉಂಡು, ಸಂಜೆ ತಿರುಗಿ ಬರುತ್ತಾರೆ. ಪ್ಲೇಗಿನ ಕಾಲದಿಂದ ಬಂದದ್ದು ಎಂದು ಕೆಲವು ಊರುಗಳಲ್ಲಿ ಹೇಳುತ್ತಾರೆ. ನಾನು ಅದನ್ನು ನೋಡಿಲ್ಲ, ನೋಡುವ ಆಸೆಯಿದೆ.

ಈ ಸಂಚಿಕೆ ಓದುವ ಮಹಾಗಾಂವದ ಮತ್ತು ಸುತ್ತಲ ಊರುಗಳ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಟ್ರಂಕಿನಲ್ಲಿ ಫಸಲಿ ಕಾಲದ ಉರ್ದು ಕಾಗದ, ಹಳೇ ಊರ ನಕಾಶೆ, ಪಟವಾರಿ ಮನೆತನದ ಚೋಪಡಿ ಏನಾದರೂ ಇದ್ದರೆ ಶಾಲೆಗೆ ತಂದು ತೋರಿಸಿ. ಓದಿ ಹೇಳುವವರನ್ನು ಕಲಬುರಗಿಯಿಂದ ಕರೆತರುವ ಜವಾಬ್ದಾರಿ ನನ್ನದು. ನಿಮ್ಮ ಊರಲ್ಲಿ 'ಪಿಲೇಗಿನ ಬೈಲು' ಎಂದು ಕರೆಯುತ್ತಿದ್ದ ಜಾಗ ಯಾವುದು ಎಂದು ಗೊತ್ತಿದ್ದರೆ ಒಂದು ಚೀಟಿಯಲ್ಲಿ ಬರೆದುಕೊಡಿ. ಸರ್ವೆ ನಂಬರು ನಾನು ಹುಡುಕಿಕೊಳ್ಳುತ್ತೇನೆ.